ಅನಾದಿ ಕಾಲವನ್ನು ಹೊಡೆದುಹಾಕಿದ ಚಾಚಾ

ನನಗೆ ಪ್ರಬಂಧ ಬರೆಯುವುದನ್ನು ಕಲಿಸಿದ ಮನುಷ್ಯ ಮೊದಲ ದಿನವೇ ನನ್ನ ಕೈಯಿಂದ ಪೆನ್ನು ಕಸಿದುಕೊಂಡರು! ಅಡುಗೆ ಕಲಿಸುತ್ತೇನೆ ಬಾ ಎಂದು ಕರೆದವರು ಮೊದಲು ಒಲೆ ಆರಿಸಿಬಿಟ್ಟರೆ ಹೇಗಿರುತ್ತದೆ ಹೇಳಿ? ಹಾಗಾಯಿತು ನನ್ನ ಸ್ಥಿತಿ. ಇವತ್ತು ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ಹೊಟ್ಟೆ ಹೊರೆಯುತ್ತಿದ್ದರೆ ಅದಕ್ಕೆ ಕಾರಣ ಆ ಕಸಿದುಕೊಂಡ ಪೆನ್ನೇ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ಅವರೂ ಯಾರನ್ನೂ ಸುಮ್ಮನೆ ನಂಬಿದವರಲ್ಲ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಕೂಡಲೇ ಫೋನ್ ಬರುತ್ತದೆ: "ಬೇಟಾ, ನನ್ನ ಹೆಸರು ಈ ವಾಕ್ಯದಾಗ ಏನು ಕೆಲಸ ಮಾಡಾಕತ್ತದ? ಕೆಲಸ ಇಲ್ಲಂದ್ರ ತಗದು ಹಾಕು!" ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಚಾಚಿ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನನ್ನ ಅಕ್ಕ–ಭಾವ ಬಾಡಿಗೆಗಿದ್ದ ಮನೆಯ ಮಾಲೀಕರು ಅವರು. ಅವರು ಕೆಳಗೆ, ನಾವು ಮೇಲೆ. ಜೀವಮಾನವಿಡೀ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿದ್ದರು. ಹೆಂಡತಿಯ ಜೊತೆ ದಖನಿ ಉರ್ದು, ಊರಿನವರ ಜೊತೆ ನಮ್ಮ ಕಡೆಯ ಕನ್ನಡ, ಸಿಟ್ಟು ಬಂದಾಗ ಮಾತ್ರ ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡ. "ಎಲೈ ಮಹಾಶಯನೇ, ನಿನ್ನ ವಾಹನವನ್ನು ನನ್ನ ದ್ವಾರದಿಂದ ತೆರವುಗೊಳಿಸು" ಎಂದು ಅವರು ಗೇಟಿಗೆ ಬಂದು ನಿಂತರೆ ಆಟೋದವನಿಗೆ ಅರ್ಥವಾಗದೆಯೇ ಭಯವಾಗಿ, ಗಾಡಿ ತಾನಾಗಿ ಮುಂದೆ ಹೋಗುತ್ತಿತ್ತು.

ಅವರಿಗೆ ಜಗತ್ತಿನಲ್ಲಿ ಒಂದೇ ಶತ್ರು. ಪೀಠಿಕೆ! ಯಾರಾದರೂ ವಿಷಯ ಬಿಟ್ಟು ಸುತ್ತಿ ಬಳಸಿ ಮಾತಾಡಿದರೆ ಅವರಿಗೆ ಮೈಯೆಲ್ಲ ತುರಿಕೆ. ಒಮ್ಮೆ ನಮ್ಮ ಭಾವ ಬೆಳಿಗ್ಗೆ ಬೆಳಿಗ್ಗೆ ಕೆಳಗಿಳಿದು ಹೋಗಿ ವಿನಯದಿಂದ ಶುರು ಮಾಡಿದರು.

"ಚಾಚಾ, ಮೊದಲಿಂದ್ಲೂ ನಿಮ್ಮ ಮ್ಯಾಲ ನಮಗ ಭಾಳ ಗೌರವ ಅದರೀ. ನಿಮ್ಮಂಥಾ ಮಾಲೀಕರು ಸಿಗೂದು..."

"ನಳ ಸೋರಾಕತ್ತದೋ, ಬಲ್ಬ್ ಹೋಗ್ಯದೋ?"

"ನಳ ರೀ."

"ಹಂಗಂತ ಮೊದಲೇ ಅನ್ನಬೇಕಪಾ! ನೀ ಗೌರವ ಹೇಳೂದ್ರಾಗ ಒಂದು ಕೊಡ ನೀರು ಹೋತು."

ಇಂಥ ಮನುಷ್ಯನ ಕೈಗೆ ನನ್ನ ಕನ್ನಡ ಉತ್ತರಪತ್ರಿಕೆ ಸಿಕ್ಕಿತೆಂದರೆ ಏನಾಗಬೇಡ? ನನ್ನ ಊರು ಕಮಲಾಪುರ. ಅಲ್ಲಿ ಅಪ್ಪನದು ಕಿರಾಣಿ ಅಂಗಡಿ. ಹತ್ತನೇ ತರಗತಿಗೆ ಸಿಟಿಯಲ್ಲಿ ಓದಲಿ ಎಂದು ನನ್ನನ್ನು ಅಕ್ಕನ ಮನೆಗೆ ಕಳಿಸಿದ್ದರು. ಗಣಿತಕ್ಕೆ ಟ್ಯೂಷನ್, ವಿಜ್ಞಾನಕ್ಕೆ ಟ್ಯೂಷನ್, ಇಂಗ್ಲಿಷಿಗೆ ಟ್ಯೂಷನ್. ಕನ್ನಡಕ್ಕೆ? ಅಯ್ಯೋ, ಕನ್ನಡಕ್ಕೆ ಯಾರಾದರೂ ಟ್ಯೂಷನ್ ಹಾಕುತ್ತಾರೆಯೇ! ಅರ್ಧವಾರ್ಷಿಕ ಪರೀಕ್ಷೆ ಬಂತು. ಎಲ್ಲದರಲ್ಲೂ ಪಾಸಾದೆ, ಕನ್ನಡದಲ್ಲಿ ಫೇಲಾದೆ. ಸಾಹಿತ್ಯದ ದೊಡ್ಡ ಪ್ರಶ್ನೆಗೆ ನಾನು ಪುಟಗಟ್ಟಲೆ ಬರೆದಿದ್ದೆ. ಟೀಚರ್ ಅದರ ಕೆಳಗೆ ಬರೆದದ್ದು ಇಷ್ಟೇ: "ಪ್ರಶ್ನೆ ಓದಿದೆಯಾ?"

ಫೋನಿನಲ್ಲಿ ಅಪ್ಪ ಜಾಸ್ತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗಣಿತದಾಗ ಹೋಗಿದ್ರ ಮಾತು ಬ್ಯಾರೆ. ಮನ್ಯಾಗ ಮಾತಾಡೂ ಭಾಷಾದಾಗ ಫೇಲ್! ದೊಡ್ಡ ಪರೀಕ್ಷಾದಾಗೂ ಹಿಂಗೇ ಆದ್ರ ಓದು ಸಾಕು, ಬಂದು ಅಂಗಡ್ಯಾಗ ಕೂಡು" ಎಂದು ಇಟ್ಟುಬಿಟ್ಟರು. ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಸಂಜೆಯ ನಮಾಜು ಮುಗಿಸಿ ಬಂದ ಚಾಚಾ ನನ್ನನ್ನು ದಾಟಿ ಹೋಗಲಾರದೆ ಅಲ್ಲೇ ನಿಂತರು.

"ಯಾಕ ಅಳಾಕತ್ತೀ? ಒಂದೇ ಮಾತಿನಾಗ ಹೇಳು."

"ಕನ್ನಡದಾಗ ಫೇಲ್ ಆಗೀನ್ರೀ."

"ಶಾಬ್ಬಾಸ್! ಚೊಲೋ ವಾಕ್ಯ. ಪೇಪರ್ ತಾ."

ಆ ಪರೀಕ್ಷೆಗಿದ್ದ ಪಾಠ ಒಂದು ಸಣ್ಣ ಕಥೆ. ಒಬ್ಬ ಮುದುಕಿ ಕಷ್ಟಕ್ಕೆ ಬಿದ್ದು ತನ್ನ ಆಕಳನ್ನು ಪಕ್ಕದ ಊರಿನವನೊಬ್ಬನಿಗೆ ಮಾರುತ್ತಾಳೆ. ಮರುದಿನ ಅವನ ಮನೆಗೆ ನಡೆದು ಹೋಗಿ, "ಕೊರಳ ಗಂಟೆ ಮರೆತು ಬಿಟ್ಟು ಹೋಗಿದ್ದೆ" ಎಂದು ಗಂಟೆ ಬಿಚ್ಚಿಸಿಕೊಂಡು ಬರುತ್ತಾಳೆ. ಅದರ ಮರುದಿನ ಮತ್ತೆ ಹೋಗುತ್ತಾಳೆ: "ಗಂಟೆ ಇಲ್ಲದೆ ಅದು ಮೇಯುವುದಿಲ್ಲ, ಕಟ್ಟಿಬಿಡಿ." ಕೊಂಡವನು ಗಂಟೆ ಕಟ್ಟಿ, "ಇನ್ನೇನಾದರೂ ಮರೆತಿದ್ದರೆ ನಾಳೆ ಬನ್ನಿ" ಎನ್ನುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಪ್ರಶ್ನೆ: ಮುದುಕಿಯ ಪಾತ್ರವನ್ನು ವಿಶ್ಲೇಷಿಸಿ.

ಚಾಚಾ ನನ್ನ ಉತ್ತರವನ್ನು ಮೆಟ್ಟಿಲ ಮೇಲೆ ನಿಂತು ಜೋರಾಗಿ ಓದತೊಡಗಿದರು. "ಅನಾದಿ ಕಾಲದಿಂದಲೂ ಮಾನವನು ಪ್ರಾಣಿಗಳನ್ನು ಪ್ರೀತಿಸುತ್ತಾ ಬಂದಿದ್ದಾನೆ. ಹಸುವು ನಮಗೆ ಹಾಲನ್ನು ಕೊಡುತ್ತದೆ. ಹಾಲು ಪೌಷ್ಟಿಕ ಆಹಾರವಾಗಿದೆ..." ಒಂದು ಪುಟ ತಿರುವಿದರು. ಇನ್ನೊಂದು ಪುಟ ತಿರುವಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಬೇಟಾ, ಇದರಾಗ ಮುದುಕಿ ಯಾವಾಗ ಬರ್ತಾಳ?"

"ಮೂರನೇ ಪುಟದಾಗ್ರೀ."

"ಪಾಪ! ವಯಸ್ಸಾದಾಕಿನ್ನ ಅಷ್ಟು ದೂರ ನಡಸಬಾರದವಾ!"

ಅಳುತ್ತಿದ್ದವಳಿಗೆ ನಗು ಬಂತು. ನಗುತ್ತಲೇ, ಸರಿ, ಈಗಲೇ ತಿದ್ದಿ ಬರೆಯುತ್ತೇನೆ ಎಂದು ಪೆನ್ನು ತೆಗೆದೆ. ಆಗಲೇ ಅವರು ಅದನ್ನು ಕಸಿದುಕೊಂಡದ್ದು. ಅದರಿಂದಲೇ ನನ್ನ ಅನಾದಿ ಕಾಲದ ಮೇಲೆ ಒಂದು ದಪ್ಪ ಗೆರೆ ಎಳೆದು, ಪೆನ್ನನ್ನು ತಮ್ಮ ಜೇಬಿಗೆ ಸಿಕ್ಕಿಸಿಕೊಂಡರು. "ಹೇಳಾಕ ಏನದ ಅಂತ ಗೊತ್ತಿಲ್ದಾಕಿಗಿ ಪೆನ್ ಯಾಕ? ಮೊದಲು ಚಾಚಿಗಿ ಬಾಯಿಲೆ ಹೇಳು. ಆಕಿ ಒಪ್ಪಿದ್ರ ಪೆನ್ ಕೊಡ್ತೀನಿ."

ಚಾಚಿ ಒಪ್ಪುವುದೆಂದರೇನು ಸುಲಭವೇ? ಪುದೀನ ಬಿಡಿಸುತ್ತ ಕೂತಿದ್ದ ಚಾಚಿಗೆ ನಾನು ಇಡೀ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಶಬ್ದ: "ಕೈಕು?"

ದಖನಿಯಲ್ಲಿ ಕೈಕು ಎಂದರೆ ಯಾಕೆ. ಮುದುಕಿ ಗಂಟೆ ತೆಗೆದುಕೊಂಡಳು, ಕೈಕು? ಮತ್ತೆ ಕೊಟ್ಟಳು, ಕೈಕು? ನಾನು, "ಪ್ರೀತಿ ರೀ ಚಾಚಿ" ಎಂದೆ. "ಪ್ರೀತಿ ಅಂತ ಕಥ್ಯಾಗ ಬರದದೇನು?" "ಇಲ್ರೀ." "ತೋ ಫಿರ್ ನಿನಗ ಹೆಂಗ ಗೊತ್ತಾತು?" ಚಾಚಾ ಒಳಕೋಣೆಯಿಂದ ಮುಗುಳ್ನಗುತ್ತ, "ಪರೀಕ್ಷಕನೂ ಇದನ್ನೇ ಕೇಳ್ತಾನ ಬೇಟಾ, ಆದ್ರ ಅಂವ ಪುದೀನ ಬಿಡ್ಸೂದಿಲ್ಲ" ಎಂದರು.

ಅವತ್ತು ಪುಸ್ತಕ ತೆಗೆದು, ಹಿಂದೆಂದೂ ಓದದ ಹಾಗೆ ಆ ಕಥೆ ಓದಿದೆ. ಮುದುಕಿ ಗಂಟೆಗೆಂದು ಹೋಗುವಾಗ ಉಡಿಯಲ್ಲಿ ಒಂದು ಹಿಡಿ ಹಸಿ ಹುಲ್ಲು ಕಟ್ಟಿಕೊಂಡು ಹೋಗಿದ್ದಳು! ಆ ಸಾಲು ಅಲ್ಲೇ ಇತ್ತು. ನಾನು ಅದರ ಮೇಲೆ ಹಾಯ್ದು ಹೋಗಿದ್ದೆ. ಓಡಿಹೋಗಿ ಚಾಚಿಗೆ ಹೇಳಿದೆ. "ಗಂಟಿ ತರಾಕ ಹೋಗಾಕಿಗಿ ಹುಲ್ಲು ಯಾಕ ಬೇಕು ಚಾಚಿ? ಆಕಿ ಗಂಟಿಗಿ ಹೋಗಿಲ್ಲ, ಆಕಳ ನೋಡಾಕ ಹೋಗ್ಯಾಳ!" ಚಾಚಿಯ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. "ಹೌ ಗೇ... ಬಿಚಾರಿ, ಪಾಪ" ಎಂದರು. ಚಾಚಾ ಒಳಗಿನಿಂದ ಬಂದು ಪೆನ್ನು ಕೊಟ್ಟರು. ಒಂದೇ ಒಂದು ಸಾಲು ಬರೆಸಿ ಮತ್ತೆ ಕಸಿದುಕೊಂಡರು!

ಇನ್ನು ಸ್ಟೇಶನ್ ಬಜಾರದ ಪ್ರಸಂಗ. ಹೈದರಾಬಾದಿನಿಂದ ಚಾಚಿಯ ತಮ್ಮ ಬರುವವರಿದ್ದರು. ರೈಲು ತಡವೆಂದು ತಿಳಿದು, ಚಾಚಾ ನನ್ನನ್ನು ಸ್ಟೇಶನ್ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು. ನಾನು ಆ ವಾರವೂ ಪೀಠಿಕೆಯ ಚಟ ಬಿಟ್ಟಿರಲಿಲ್ಲ. ಸಪ್ಲಾಯರ್ ಬಂದು, "ಏನು ಕೊಡ್ಲಿ ಸಾಬ್?" ಎಂದು ಕೇಳಿದ. ಚಾಚಾ ಎದ್ದು ನಿಂತರು. ಕೈ ಮುಂದೆ ಚಾಚಿದರು.

"ಅನಾದಿ ಕಾಲದಿಂದಲೂ ಮಾನವನು ಬಾಯಾರಿಕೆಯಿಂದ ಬಳಲುತ್ತಾ ಬಂದಿದ್ದಾನೆ. ನೀರು ಜೀವಜಲವಾಗಿದೆ. ಚಹಾ ಎಂಬುದು ಒಂದು ಬಗೆಯ ಎಲೆಯಾಗಿದ್ದು..."

ಹೋಟೆಲಿನವರೆಲ್ಲ ತಿರುಗಿ ನೋಡಿದರು. ಹಮಾಲರೊಬ್ಬರು ಬಸಿಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತರು. ಸಪ್ಲಾಯರ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ, "ಸಾಬ್, ಚಾ ಬೇಕೋ ಬ್ಯಾಡೋ ಅಷ್ಟು ಹೇಳ್ರಿ. ಹಿಂದ ನಾಕು ಟೇಬಲ್ ಕಾಯಾಕತ್ತಾವ!" ಎಂದ. ಚಾಚಾ ನನ್ನ ಕಡೆ ತಿರುಗಿ ತೃಪ್ತಿಯಿಂದ ತಲೆಯಾಡಿಸಿದರು. "ನೋಡಿದೇನು? ಇಂವ ಪರೀಕ್ಷಕ. ಹಿಂದ ಇನ್ನೂ ನೂರು ಪೇಪರ್ ಕಾಯಾಕತ್ತಾವ. ಬೇಕಾದ್ದು ಮೊದಲು ಹೇಳಬೇಕು." ನಾಚಿಕೆಯಿಂದ ನಾನು ಮೇಜಿನ ಕೆಳಗೆ ಸೇರಿಕೊಳ್ಳುವುದೊಂದು ಬಾಕಿ. ಆದರೆ ಅವತ್ತಿನಿಂದ ನನ್ನ ಪ್ರಬಂಧದಲ್ಲಿ ಮಾನವನು ಅನಾದಿ ಕಾಲದಿಂದ ಏನನ್ನೂ ಮಾಡುತ್ತಾ ಬಂದಿಲ್ಲ.

ಹೀಗೇ ಪಾಠ ಸಾಗಿತು. "ವಿಶ್ಲೇಷಿಸಿ ಅಂದ್ರ ಕಥಿ ಹೇಳು ಅಂತಲ್ಲ. ಕಥಿ ಅಂವಗೂ ಗೊತ್ತದ. ನಿನಗೇನು ಕಂಡದ ಅದು ಹೇಳು." "ಪೇಪರಿನ ಕಡೀ ಪುಟದಾಗ ಮೊದಲು ಒಂದು ಸಾಲು ಬರಿ, ನಾ ಏನು ಹೇಳಾಕತ್ತೀನಿ ಅಂತ. ಅದರ ಕೆಳಗ ಕಾರಣ. ಒಂದೊಂದು ಕಾರಣದ ಮುಂದ, ಪಾಠದಾಗ ಅದು ಎಲ್ಲಿ ಅದ ಅಂತ ಗುರುತು. ಆಮ್ಯಾಲ ಉತ್ತರಕ್ಕ ಕೈ ಹಚ್ಚು." ಕೊನೆಗೆ ನಾನು "ಒಟ್ಟಿನಲ್ಲಿ ಹೇಳುವುದಾದರೆ" ಎಂದು ಬರೆದಾಗ ಅವರು ಬೆಚ್ಚಿಬಿದ್ದರು. "ಒಟ್ಟಿನಾಗ ಈಗ ಹೇಳ್ತೀ ಅಂದ್ರ ಇಷ್ಟೊತ್ತು ಏನು ಹೇಳಿದಿ?"

ಸಂಕ್ರಾಂತಿ ಹೊತ್ತಿಗೆ ನಾನು ಊರಿಗೆ ಹೊರಟಾಗ ಚಾಚಾ ತಾವೂ ಬರುತ್ತೇನೆಂದರು. ಕಮಲಾಪುರದ ಕೆಂಪು ಬಾಳೆಹಣ್ಣೆಂದರೆ ಅವರಿಗೆ ಪ್ರಾಣ. ಆದರೆ ಬಸ್ಸಿನಲ್ಲಿ ಸುಮ್ಮನೆ ಕೂರುವವರೇ ಅವರು? "ದಾರಿ ತುಂಬಾ ಟೈಮ್ ಅದ, ಇಡೀ ಉತ್ತರ ಬಾಯಿಲೆ ಹೇಳು" ಎಂದರು. ನಾನು ಮೆಲ್ಲಗೆ ಶುರು ಮಾಡಿದೆ. ಮುದುಕಿ ಹೋದದ್ದು ಗಂಟೆಗಲ್ಲ, ಆಕಳಿಗೆ. ಪಕ್ಕದಲ್ಲಿ ತೊಗರಿ ಚೀಲ ಇಟ್ಟುಕೊಂಡು ಕೂತಿದ್ದ ಮಹಾಗಾಂವದ ಹೆಂಗಸೊಬ್ಬರು ತಟ್ಟನೆ ತಿರುಗಿದರು.

"ಯಾವ ಮುದುಕಿ ಯವ್ವಾ? ಗಂಟಿಗೇ ಹೋಗಿರ್ತಾಳ ತಗಿ. ಕಂಚಿನ ಗಂಟಿ ಎಷ್ಟು ತುಟ್ಟಿ ಆಗ್ಯದ ಗೊತ್ತದೇನು?"

ನನಗೆ ಗಾಬರಿ. ಚಾಚಾನ ಮುಖ ಮಾತ್ರ ಹಬ್ಬದ ದಿನದಂತೆ ಅರಳಿತು. "ಅಕ್ಕೋರು ಹೇಳೂದು ಖರೇ ಅದ ಬೇಟಾ. ಉತ್ತರ ಕೊಡು!"

"ಹಂಗಾದ್ರ ಮರುದಿನ ತಿರುಗಿ ಯಾಕ ಕೊಟ್ಟಳ್ರೀ?" ಎಂದೆ.

ಹಿಂದಿನ ಸೀಟಿನ ಗಂಡಸೊಬ್ಬರು, "ಹೌದಲ್ಲ! ತುಟ್ಟಿ ಗಂಟಿ ಯಾರರೆ ತಿರುಗಿ ಕೊಡ್ತಾರೇನು?" ಎಂದು ನನ್ನ ಕಡೆ ಸೇರಿದರು. ಹೆಂಗಸು ಬಿಡಲಿಲ್ಲ. "ಕೊಂಡವನ ಮನ್ಯಾಗ ಚಾ ಚೊಲೋ ಇರ್ತಿತ್ತೇನೋ!" ಬಸ್ಸು ಎರಡು ಪಕ್ಷವಾಯಿತು. ಒಬ್ಬರು ಮುದುಕಿಗೆ ಮಕ್ಕಳಿದ್ದರೇ ಎಂದು ಕೇಳಿದರು, ಇನ್ನೊಬ್ಬರು ಆಕಳು ಎಷ್ಟು ಹಾಲು ಕೊಡುತ್ತಿತ್ತೆಂದು. ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕಂಡಕ್ಟರು, "ಎಲ್ಲಾರೂ ಸುಮ್ಕಿರ್ರಿ! ಪುಸ್ತಕದಾಗ ಏನದ ಅದಷ್ಟೇ ಹೇಳು ತಂಗಿ" ಎಂದರು. ನಾನು ಉಡಿಯ ಹುಲ್ಲಿನ ಮಾತು ಹೇಳಿದೆ. ತೊಗರಿ ಚೀಲದ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡು, "ಹುಲ್ಲು ಒಯ್ದಿದ್ಳಾ... ಮೊದಲೇ ಯಾಕ ಹೇಳ್ಲಿಲ್ಲ ಯವ್ವಾ" ಎಂದು ಕಿಟಕಿಯಾಚೆ ನೋಡಿದರು. ನೋಡಿದವರೇ ಚೀರಿದರು.

"ಅಯ್ಯ, ಮಹಾಗಾಂವ ಹೋತಲ್ಲೋ ನನ್ನಪ್ಪಾ!"

ಮಹಾಗಾಂವ ಹಿಂದೆ ಬಿದ್ದು ಎಷ್ಟೋ ಹೊತ್ತಾಗಿತ್ತು. ಬಸ್ಸು ಕಮಲಾಪುರದ ಹತ್ತಿರ ಬಂದಿತ್ತು. ಚಾಚಾ ಚೀಲ ತಾವೇ ಹೊತ್ತು ಆ ಹೆಂಗಸನ್ನೂ ಸೀದಾ ನಮ್ಮ ಅಂಗಡಿಗೆ ಕರೆತಂದರು. ಅಪ್ಪ ಗಲ್ಲಾದಿಂದ ಎದ್ದು ನಿಂತು, ನನ್ನ ಕಡೆ ನೋಡದೆ ಅವರನ್ನೇ ಕೇಳಿದರು.

"ಸರ್, ನೀವು ಕಲಿಸಾಕತ್ತೀರಿ ಅಂತ ದೊಡ್ಡ ಮಗಳು ಹೇಳ್ಯಾಳ. ಈಕಿ ಪಾಸಾಗ್ತಾಳೇನ್ರೀ? ಖರೇ ಹೇಳ್ರಿ."

"ಆಗ್ತಾಳ. ಈಕಿ ಮಾತು ಕೇಳಿ ಈ ಅಕ್ಕೋರು ತಮ್ಮ ಊರಾಗ ಇಳಿಯೂದೇ ಮರ್ತಾರ. ಆಧಾರ ನಿಮ್ಮ ಮುಂದೇ ನಿಂತದ ನೋಡ್ರಿ!"

ಆಧಾರವು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೆಂಗಣ್ಣು ಬಿಟ್ಟು ನಿಂತಿತ್ತು. ಅವ್ವ ಆಧಾರಕ್ಕೆ ರೊಟ್ಟಿ, ಪಲ್ಯ ಬಡಿಸಿ, ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು, ಟೆಂಪೋ ಹತ್ತಿಸಿ ಮಹಾಗಾಂವಕ್ಕೆ ಕಳಿಸಿದಳು. ಹೋಗುವಾಗ ಆಕೆ ನನಗೆ, "ಪರೀಕ್ಷಾದಾಗ ಹುಲ್ಲಿಂದು ಮರೀಬ್ಯಾಡ" ಎಂದು ಹೇಳಿ ಹೋದರು.

ಮರೆಯುವುದು ಹೇಗೆ? ಮುದುಕಿಯ ಪಾತ್ರ ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ದೊಡ್ಡ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ತೆರೆದೆ. ಅದೇ ಕಥೆ! ಕುಣಿಯುವಷ್ಟು ಖುಷಿ. ಆಮೇಲೆ ಪ್ರಶ್ನೆ ಓದಿದೆ. "ಆಕಳನ್ನು ಕೊಂಡವನ ಪಾತ್ರವನ್ನು ವಿಶ್ಲೇಷಿಸಿ."

ಕೊಂಡವನೇ? ಅವನ ಬಗ್ಗೆ ಯಾರು ಯೋಚಿಸಿದ್ದರು? ಬಸ್ಸಿನಷ್ಟು ಜನ ವಾದ ಮಾಡಿದ್ದರಲ್ಲ, ಒಬ್ಬರಾದರೂ ಆ ಮನುಷ್ಯನನ್ನು ನೆನೆದಿದ್ದರೇ? ಸುತ್ತಲೂ ಎಲ್ಲರೂ ಸರಸರ ಬರೆಯುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿದೆ. ಕೊಠಡಿಯ ಮೇಲ್ವಿಚಾರಕಿ ಹತ್ತಿರ ಬಂದು, "ಯಾಕವಾ, ಆರಾಮಿಲ್ಲೇನು?" ಎಂದು ಕೇಳಿದರು. ಆರಾಮಾಗಿಯೇ ಇದ್ದೆ. ಎದುರಿಗೆ ಚಾಚಿಯನ್ನು ಕೂರಿಸಿಕೊಂಡಿದ್ದೆ, ಅಷ್ಟೇ. ಅವನು ಕೇಳಿದ ಕೂಡಲೇ ಗಂಟೆ ಬಿಚ್ಚಿಕೊಟ್ಟ. ಕೈಕು? ತಿರುಗಿ ತಂದಾಗ ಒಂದು ಪ್ರಶ್ನೆ ಕೇಳದೆ ಕಟ್ಟಿದ. ಕೈಕು? "ಇನ್ನೇನಾದರೂ ಮರೆತಿದ್ದರೆ ನಾಳೆ ಬನ್ನಿ" ಎಂದ. ಕೈಕು?

ಅರೇ, ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು! ಮುದುಕಿ ಬಂದದ್ದು ಆಕಳಿಗೆಂದು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದ. ಆಕೆಯ ಮಾನ ಹೋಗದಂತೆ, ಮತ್ತೆ ಬರಲು ಒಂದು ನೆವ ತಾನೇ ಕೊಟ್ಟು ಕಳಿಸಿದ. ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಅದನ್ನು ಒಂದು ಸಾಲಾಗಿ ಬರೆದೆ. ಕಾರಣ ಬರೆದೆ, ಗುರುತು ಹಾಕಿದೆ. ಆಮೇಲೆ ಉತ್ತರ ಬರೆಯತೊಡಗಿದೆ. ಬರೆಯುತ್ತ ಬರೆಯುತ್ತ ಕಣ್ಣು ಮಂಜಾಯಿತು. ಪರೀಕ್ಷಾ ಕೊಠಡಿಯಲ್ಲಿ, ಅಂಕಗಳ ಚಿಂತೆ ಬಿಟ್ಟು, ಒಬ್ಬ ಹೆಸರಿಲ್ಲದ ಮನುಷ್ಯನ ಒಳ್ಳೆಯತನಕ್ಕೆ ಅಳುವವಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮೇಲ್ವಿಚಾರಕಿಗೆ ನನ್ನ ಆರೋಗ್ಯದ ಬಗ್ಗೆ ಈಗ ಪೂರ್ತಿ ಖಾತ್ರಿಯಾಯಿತು. ನೀರು ತಂದುಕೊಟ್ಟರು.

ಮನೆಗೆ ಬಂದು ಚಾಚಾಗೆ ಹೇಳಿದೆ. "ಇಷ್ಟು ವರ್ಷ ಎಷ್ಟು ಮಂದಿಗಿ ಎಷ್ಟು ಪಾಠ ಹೇಳೀನಿ. ಇಂಥಾ ಮನುಷ್ಯಾನ್ನ ನೋಡದೇ ಹೋಗ್ತಿದ್ದೆ" ಎಂದರು. ಆಮೇಲೆ ಅಡುಗೆಮನೆಯತ್ತ ತಿರುಗಿ, "ಸುನ್ತೇ ಕ್ಯಾ? ಪಾಸ್ ಆದಳು!" ಎಂದು ಕೂಗಿದರು. ಫಲಿತಾಂಶ ಬರಲು ಇನ್ನೂ ಎಷ್ಟೋ ವಾರವಿತ್ತು!

ಫಲಿತಾಂಶ ಬಂದ ಸಂಜೆ ಅಪ್ಪ ಅಂಗಡಿ ಮುಚ್ಚಿ ಕಲಬುರಗಿಗೆ ಬಂದರು. ಅಪ್ಪ ಅಂಗಡಿ ಮುಚ್ಚುವುದು ಸಣ್ಣ ಸಂಗತಿಯಲ್ಲ. ಅಕ್ಕನ ಮೊಬೈಲಿನಲ್ಲಿ ಕನ್ನಡದ ಅಂಕಗಳನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಎಲ್ಲ ವಿಷಯಗಳಿಗಿಂತ ಕನ್ನಡದಲ್ಲೇ ಹೆಚ್ಚು. ಸೀದಾ ಕೆಳಗಿಳಿದು ಚಾಚಾನ ಪಡಸಾಲೆಯಲ್ಲಿ ಕುರ್ಚಿಯ ತುದಿಗೆ ಕೂತರು. ಚಾಚಿ ಒಂದು ತಟ್ಟೆ ಮಂಡಕ್ಕಿ ಸೂಸಲಾ ತಂದಿಟ್ಟರು. ಅಪ್ಪ ಮುಟ್ಟಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ.

"ಸರ್" ಎಂದರು ಅಪ್ಪ. ದನಿ ಅವರದಲ್ಲದ ಹಾಗಿತ್ತು. "ನಾನೂ ಹತ್ತನೇ ಕ್ಲಾಸಿನಾಗ ಕನ್ನಡದಾಗೇ ಹೋಗಿದ್ದೆ ರೀ. ತಿರುಗಿ ಪರೀಕ್ಷಾ ಕಟ್ಟಿದೆ, ತಿರುಗಿ ಹೋತು. ಮನ್ಯಾಗ ಯಾರಿಗೂ ಹೇಳಿಲ್ಲ. ಅಂಗಡಿ ಇತ್ತಲ್ಲ, ಅದಕ್ಕ ಸಾಲಿ ಬಿಟ್ಟೆ ಅಂತ ಹೇಳ್ಕೋತ ಬಂದೀನಿ. ನನಗ ಮಾತೇ ಬರೂದಿಲ್ಲ ಅಂತ ತಿಳ್ಕೊಂಡಿದ್ದೆ. ಈಕಿಗೂ ನಂದೇ ಬಂದದ ಅಂತ ಅಂಜಿದ್ದೆ."

ಚಾಚಾ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡು, ಅವರ ಮೊಣಕಾಲ ಮೇಲೆ ಕೈಯಿಟ್ಟರು.

"ಆಗ ನಾ ನಿಮ್ಮೂರಾಗ ಇದ್ದಿದ್ದಿಲ್ಲ ನೋಡ್ರಿ. ಇದ್ದಿದ್ರ ನಿಮಗ ಬಿಡ್ತಿದ್ದಿಲ್ಲ."

ಅಪ್ಪ ನಕ್ಕರು. ನಗುತ್ತಲೇ ಟವೆಲಿನಿಂದ ಮುಖ ಮುಚ್ಚಿಕೊಂಡರು, ಬಹಳ ಹೊತ್ತು ತೆಗೆಯಲಿಲ್ಲ. ಚಾಚಿ ಸದ್ದಿಲ್ಲದೆ ಒಳಗೆ ಹೋದರು. ನಾನು ಹೋಗಿ ಅಪ್ಪನ ಪಕ್ಕದಲ್ಲಿ ಕೂತೆ. ಅಪ್ಪ ನನ್ನ ಕಡೆ ನೋಡಲಿಲ್ಲ. ತಮ್ಮ ಮುಂದಿದ್ದ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.